ಬಿಸಿಲಿಗೆ ಒಂದು ಉಡುಪು, ಸೆಕೆಗೆ ಮತ್ತೊಂದು: ರಜೆಗೆ ಕರಾವಳಿಗೆ ಹೊರಡುವವರ ಗಮನಕ್ಕೆ

ಮಕ್ಕಳ ಶಾಲೆಗಳಿಗೆ ರಜೆ ಆರಂಭವಾಗುತ್ತಿದ್ದಂತೆ ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಊರಿನ ಪ್ರಯಾಣದ ಸಡಗರವೂ ಆರಂಭವಾಗುತ್ತದೆ. ಎರಡು ತಿಂಗಳು ಮೊದಲೇ ರೈಲಿನ ಟಿಕೆಟು ಕಾದಿರಿಸಿ, ಊರಿನಲ್ಲಿ ಭೇಟಿಯಾಗಬೇಕಾದ ಬಂಧುಗಳ, ದರ್ಶನ ಮಾಡಬೇಕಾದ ದೇವಸ್ಥಾನಗಳ ಪಟ್ಟಿಯನ್ನು ಸಿದ್ಧಪಡಿಸುವ ನಾವು, ಬಟ್ಟೆಯ ಪೆಟ್ಟಿಗೆಯನ್ನು ಮಾತ್ರ ಹೊರಡುವ ಹಿಂದಿನ ರಾತ್ರಿ ಅವಸರದಲ್ಲಿ ತುಂಬುತ್ತೇವೆ. ಹೊಸದಾಗಿ ಕೊಂಡದ್ದು, ನಾಲ್ಕು ಜನರ ಎದುರಿಗೆ ಚೆನ್ನಾಗಿ ಕಾಣುವಂಥದು, ಇಸ್ತ್ರಿ ಕೆಡದಂಥದು - ಇವೇ ಆಯ್ಕೆಯ ಮಾನದಂಡಗಳು. ಆದರೆ ಮೇ ತಿಂಗಳ ಕರಾವಳಿಯಲ್ಲಿ ಈ ಮೂರೂ ಗುಣಗಳುಳ್ಳ ಉಡುಪು ಹೆಚ್ಚಾಗಿ ಮೈಗೆ ಒಗ್ಗದ ಉಡುಪೇ ಆಗಿರುತ್ತದೆ. ರಜೆಯ ಮೊದಲ ವಾರವೆಲ್ಲ ಮಕ್ಕಳು ಮೈ ಕೆರೆದುಕೊಳ್ಳುವುದು, ಹಿರಿಯರು ಸುಸ್ತಾಗಿ ಮಲಗುವುದು, ಹತ್ತು ವರ್ಷಗಳ ನಂತರ ಸೇರಿದ ಕುಟುಂಬದ ಕೂಟದಲ್ಲಿ ಯಾರೂ ನೆಮ್ಮದಿಯಿಂದ ಕುಳಿತುಕೊಳ್ಳಲಾಗದಿರುವುದು ಇವೆಲ್ಲ ಹವಾಮಾನದ ತಪ್ಪೆಂದು ನಾವು ಭಾವಿಸುತ್ತೇವೆ. ಬಹುಪಾಲು ಅದು ಬಟ್ಟೆಯ ಸಮಸ್ಯೆ.

ಕರಾವಳಿಯ ಕನ್ನಡದಲ್ಲಿ ಬಿಸಿಲು ಬೇರೆ, ಸೆಕೆ ಬೇರೆ. ದೆಹಲಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಬಿಸಿಲಿನ ಪರಿಚಯವಿದೆ. ಸೆಕೆಯ ನೆನಪು ಮಾತ್ರ ಇದೆ. ಈ ಎರಡು ಪದಗಳ ನಡುವಿನ ಅಂತರವನ್ನು ಅಂಕಿಗಳಲ್ಲಿ ನೋಡುವುದು ಉಪಯುಕ್ತ. ದೆಹಲಿಯು ಸುಮಾರು 28.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿದೆ. ಶಾಸ್ತ್ರೀಯವಾಗಿ ಅದು ಉಷ್ಣವಲಯದೊಳಗಿನ ಊರೇ ಅಲ್ಲ. ಮೇ ತಿಂಗಳಿನಲ್ಲಿ ಅಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ಆದರೆ ಮಧ್ಯಾಹ್ನದ ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 30ರ ಸುತ್ತಮುತ್ತ, ಹಲವು ದಿನ ಅದಕ್ಕೂ ಕಡಿಮೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಅದೇ ತಿಂಗಳ ಗರಿಷ್ಠ ಉಷ್ಣಾಂಶ 33-34 ಡಿಗ್ರಿಯಷ್ಟೇ. ತೇವಾಂಶ ಮಾತ್ರ ಮಧ್ಯಾಹ್ನದಲ್ಲಿಯೂ ಶೇಕಡಾ 70ರ ಸಮೀಪದಲ್ಲಿರುತ್ತದೆ, ಬೆಳಗಿನ ಜಾವ ಇನ್ನೂ ಹೆಚ್ಚು. ರಾತ್ರಿ ಉಷ್ಣಾಂಶ 25-26ಕ್ಕಿಂತ ಕೆಳಗಿಳಿಯುವುದಿಲ್ಲ. ಪುಣೆ, ಹೈದರಾಬಾದುಗಳ ಪ್ರಸ್ಥಭೂಮಿಯಲ್ಲಿ ಸಂಜೆಯಾದಂತೆ ದೊರೆಯುವ ಒಣ ಗಾಳಿಯ ಬಿಡುವು ಇಲ್ಲಿಲ್ಲ. ದೂರದರ್ಶನದಲ್ಲಿ ಉಷ್ಣಾಂಶದ ಅಂಕಿಯನ್ನು ನೋಡಿ “ನಮ್ಮ ಊರು ತಂಪಾಗಿದೆ” ಎಂದುಕೊಂಡು ಹೊರಟವರು ರೈಲಿನಿಂದ ಇಳಿದ ಹತ್ತೇ ನಿಮಿಷಗಳಲ್ಲಿ ಕರವಸ್ತ್ರ ಹಿಂಡುವಂತಾಗುವುದು ಇದರಿಂದಲೇ.

ನಮ್ಮ ದೇಹವು ತನ್ನನ್ನು ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಬೆವರಿನ ಮೂಲಕ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ತಂಪು ಕೊಡುವುದು ಬೆವರು ಸುರಿಯುವುದರಿಂದಲ್ಲ, ಅದು ಆವಿಯಾಗುವುದರಿಂದ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿಯಷ್ಟು ಶಾಖ ಮೈಯಿಂದ ಹೊರಹೋಗುತ್ತದೆ. ಅದೇ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಹೋಗುವುದು ಬರಿಯ ನೀರು ಮತ್ತು ಉಪ್ಪು. ಒಣ ಗಾಳಿಯಲ್ಲಿ ಬೆವರು ಹುಟ್ಟಿದ ಕ್ಷಣದಲ್ಲೇ ಆರುತ್ತದೆ, ಆದ್ದರಿಂದ ದೆಹಲಿಯಲ್ಲಿ ಎಷ್ಟು ಬೆವರಿದೆವೆಂಬುದೇ ಅರಿವಿಗೆ ಬರುವುದಿಲ್ಲ. ತೇವ ತುಂಬಿದ ಗಾಳಿಯಾದರೋ ಹೊಸ ಆವಿಯನ್ನು ನಿಧಾನವಾಗಿ ಸ್ವೀಕರಿಸುತ್ತದೆ. ದೇಹ ಇನ್ನಷ್ಟು ಬೆವರುತ್ತದೆ, ಬಟ್ಟೆ ಮೈಗೆ ಅಂಟುತ್ತದೆ, ಅಂಟಿದ ಬಟ್ಟೆ ಗಾಳಿಯನ್ನು ತಡೆಯುತ್ತದೆ. ಒಣ ಸೀಮೆಯ ಉಡುಪಿನ ಮುಖ್ಯ ಕೆಲಸ ಬಿಸಿಲು ಮತ್ತು ಬಿಸಿಗಾಳಿ ಮೈಗೆ ತಾಗದಂತೆ ಮುಚ್ಚುವುದು. ಉತ್ತರ ಭಾರತದವರು ತಲೆ, ಕಿವಿಗೆ ಬಟ್ಟೆ ಸುತ್ತಿಕೊಂಡು ‘ಲೂ’ ಗಾಳಿಯಿಂದ ಪಾರಾಗುವುದು ಇದೇ ತತ್ತ್ವದಿಂದ. ಸೆಕೆಯ ಸೀಮೆಯ ಉಡುಪಿನ ಕೆಲಸ ಬೇರೆ. ಅದು ಮೈಯ ಮೇಲೆ ಗಾಳಿ ಆಡಲು ದಾರಿ ಬಿಡಬೇಕು.

“ನಾವು ಅಲ್ಲಿಯೇ ಹುಟ್ಟಿ ಬೆಳೆದವರು, ನಮಗೇನು ಸೆಕೆ” ಎಂಬ ಮಾತನ್ನು ನಮ್ಮ ಹಿರಿಯ ಸದಸ್ಯರಿಂದ ಆಗಾಗ ಕೇಳುತ್ತೇವೆ. ಅಭಿಮಾನದ ದೃಷ್ಟಿಯಿಂದ ಮಾತು ಚೆನ್ನಾಗಿದೆ. ಶರೀರಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಶಾಖಕ್ಕೆ ಒಗ್ಗಿಕೊಳ್ಳುವ ಶಕ್ತಿ ಹುಟ್ಟಿನಿಂದ ಬಂದು ಕಡೆಯವರೆಗೆ ಉಳಿಯುವ ಆಸ್ತಿಯಲ್ಲ. ಬೇಗನೆ ಮತ್ತು ಹೆಚ್ಚು ಬೆವರುವುದು, ಬೆವರಿನಲ್ಲಿ ಉಪ್ಪಿನ ಅಂಶ ಕಡಿಮೆಯಾಗುವುದು, ರಕ್ತದ ದ್ರವಭಾಗ ಹೆಚ್ಚುವುದು ಮುಂತಾದ ಬದಲಾವಣೆಗಳಿಗೆ ಒಂದರಿಂದ ಎರಡು ವಾರ ಬೇಕು. ಆ ವಾತಾವರಣ ಬಿಟ್ಟ ಕೆಲವು ವಾರಗಳಲ್ಲಿ ಅವು ಮರೆಯಾಗುತ್ತವೆ. ನಮ್ಮ ರಜೆಯಾದರೋ ಹೆಚ್ಚಿನವರಿಗೆ ಹತ್ತು ಹನ್ನೆರಡು ದಿನಗಳದ್ದು. ದೇಹ ಒಗ್ಗಿಕೊಳ್ಳುವಷ್ಟರಲ್ಲಿ ಮರಳುವ ರೈಲು ಬಂದಿರುತ್ತದೆ. ಒಗ್ಗಿದ ದೇಹ ಮಾಡಬೇಕಾದ ಕೆಲಸದ ಒಂದು ಪಾಲನ್ನು ಆ ದಿನಗಳಲ್ಲಿ ಉಡುಪೇ ಮಾಡಬೇಕಾಗುತ್ತದೆ. ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿದವರಿಗೆ ಸಮುದ್ರದ ಹವೆ ಪರಿಚಿತವಾದ್ದರಿಂದ ಕಷ್ಟ ಸ್ವಲ್ಪ ಕಡಿಮೆ. ಹಗಲೆಲ್ಲ ಹವಾನಿಯಂತ್ರಿತ ಕಚೇರಿ, ರಾತ್ರಿಯೆಲ್ಲ ಹವಾನಿಯಂತ್ರಿತ ಮಲಗುವ ಕೋಣೆ ಇರುವವರು ಮಾತ್ರ ತಮ್ಮನ್ನು ದೆಹಲಿಯವರ ಸಾಲಿಗೇ ಸೇರಿಸಿಕೊಳ್ಳುವುದು ಲೇಸು.

ಹಾಗಾದರೆ ಎಂಥ ಬಟ್ಟೆ? “ಹತ್ತಿ ಬಟ್ಟೆ” ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಅದು ಅರ್ಧ ಉತ್ತರ ಮಾತ್ರ, ಏಕೆಂದರೆ ಜೀನ್ಸ್ ಕೂಡ ಹತ್ತಿಯದೇ. ನೂಲಿನ ಜಾತಿ, ನೂಲಿನ ದಪ್ಪ, ನೇಯ್ಗೆಯ ಬಿಗಿ, ಹೊಲಿಗೆಯ ಸಡಿಲ ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು.

ಮೊದಲು ನೂಲಿನ ಜಾತಿ. ಪ್ರತಿಯೊಂದು ನೂಲಿಗೂ ಗಾಳಿಯ ತೇವವನ್ನು ತನ್ನೊಳಗೆ ಹೀರಿಕೊಳ್ಳುವ ಒಂದು ಮಿತಿಯಿದೆ. ಜವಳಿ ಪ್ರಯೋಗಾಲಯಗಳ ಪ್ರಮಾಣಿತ ಸ್ಥಿತಿಯಲ್ಲಿ ನೂರು ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವ ಹಿಡಿಯುತ್ತದೆ. ರೇಷ್ಮೆ 11, ಅಗಸೆ ನಾರಿನ ಲಿನನ್ 12, ರೇಯಾನ್ ಅಥವಾ ವಿಸ್ಕೋಸ್ 12-13 ಗ್ರಾಂ. ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಮಿಗೂ ಕಡಿಮೆ. ಮೈ ತೇವವನ್ನು ಹೀರದ ಬಟ್ಟೆಯೊಳಗೆ ಬೆವರು ಚರ್ಮದ ಮೇಲೆಯೇ ನಿಲ್ಲುತ್ತದೆ. ಅಂಗಡಿಯಲ್ಲಿ ನುಣುಪಾಗಿ, ತಂಪಾಗಿ ಅನ್ನಿಸಿದ ಜಾರ್ಜೆಟ್ ಕುರ್ತಾ ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಹೊದಿಕೆಯಂತಾಗುವುದಕ್ಕೆ ಇದೇ ಕಾರಣ. ಈಗ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ರೇಯಾನ್ ಕುರ್ತಿಗಳು ಸೆಕೆಗೆ ಕೆಟ್ಟವಲ್ಲ, ಮೈಗೆ ತಂಪೇ. ಆದರೆ ರೇಯಾನ್ ನೂಲು ಒದ್ದೆಯಾದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಊರಿನ ಒಗೆಯುವ ಕಲ್ಲಿನ ಮೇಲೆ ಕುಸುಬಿ ಒಗೆದರೆ ಎರಡೇ ವಾರದಲ್ಲಿ ಹೊಲಿಗೆಯ ಬಳಿ ಪಿಸಿಯುತ್ತದೆ. ಕ್ರೀಡಾಪಟುಗಳಿಗಾಗಿ ತಯಾರಿಸುವ, ಬೇಗ ಒಣಗುವ ಪಾಲಿಯೆಸ್ಟರ್ ಅಂಗಿಗಳ ಬಗ್ಗೆ ನಮ್ಮ ಯುವಕರು ಕೇಳುತ್ತಾರೆ. ಅವು ಬೆವರನ್ನು ಹೀರುವುದಿಲ್ಲ, ನೂಲುಗಳ ಸಂದಿಯ ಮೂಲಕ ಹೊರಮೈಗೆ ಸಾಗಿಸುತ್ತವೆ. ಓಡುವಾಗ, ಗಾಳಿ ಬೀಸುವಾಗ ಇದು ಒಳ್ಳೆಯದು. ಅಜ್ಜನ ಮನೆಯ ಜಗಲಿಯಲ್ಲಿ ಸುಮ್ಮನೆ ಕುಳಿತಾಗ ಹೊರಮೈಯಿಂದ ಆವಿಯಾಗಲು ಗಾಳಿಯೇ ಇಲ್ಲ. ಅಲ್ಲದೆ ಪಾಲಿಯೆಸ್ಟರಿನಲ್ಲಿ ಬೆವರಿನ ವಾಸನೆ ಬೇಗ ನೆಲೆಸುತ್ತದೆ. ಮಕ್ಕಳು ನೀರಿನಲ್ಲಿ ಆಡಲು ಒಂದು ಜೊತೆ ಇರಲಿ, ಅಷ್ಟು ಸಾಕು.

ಚೀಟಿಯಲ್ಲಿ ‘ಕಾಟನ್’ ಎಂದು ಬರೆದದ್ದನ್ನು ನಂಬಬೇಕೆ ಎಂಬ ಸಂಶಯವಿದ್ದಲ್ಲಿ ನಮ್ಮ ತಾಯಂದಿರು ಮಾಡುತ್ತಿದ್ದ ಪರೀಕ್ಷೆಯೇ ಸಾಕು. ಬಟ್ಟೆಯ ಅಂಚಿನಿಂದ ಒಂದೆರಡು ನೂಲು ಬಿಡಿಸಿ, ಸ್ಟೀಲಿನ ತಟ್ಟೆಯಲ್ಲಿಟ್ಟು ಬೆಂಕಿಕಡ್ಡಿ ತಾಗಿಸಬೇಕು. ಹತ್ತಿ ಕಾಗದದಂತೆ ಉರಿದು ಬೆರಳಿಗೆ ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಸುರುಟಿ, ಗಟ್ಟಿಯಾದ ಮಣಿಯಂತೆ ಉಳಿಯುತ್ತದೆ. ಎರಡೂ ಕಂಡುಬಂದರೆ ಅದು ಬೆರಕೆ.

ನೂಲಿನ ದಪ್ಪದ ವಿಚಾರ ಜವಳಿ ಅಂಗಡಿಯವರು ಹೇಳುವ ‘ಕೌಂಟ್’ ಎಂಬ ಪದದಲ್ಲಿದೆ. ಒಂದು ಪೌಂಡ್ ತೂಕದ ಹತ್ತಿ ನೂಲಿನಲ್ಲಿ 840 ಗಜ ಉದ್ದದ ಎಷ್ಟು ಲಡಿಗಳು ದೊರೆಯುತ್ತವೆ ಎಂಬ ಲೆಕ್ಕ ಅದು. 20 ಕೌಂಟಿನ ನೂಲು ದಪ್ಪ, 80 ಕೌಂಟಿನದು ಬಹಳ ನಯ. ಜೀನ್ಸ್ ಬಟ್ಟೆ ಚದರ ಮೀಟರಿಗೆ 350ರಿಂದ 450 ಗ್ರಾಂ ತೂಗಿದರೆ, ಮಲ್‌ಮಲ್, ವಾಯಿಲ್‌ಗಳು ನೂರು ಗ್ರಾಮನ್ನೂ ಮುಟ್ಟುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಹಾಸು ಹೊಕ್ಕುಗಳ ನಡುವೆ ಸಣ್ಣ ಕಿಂಡಿಗಳು ಕಾಣಬೇಕು. ತುಟಿಗೆ ಹಿಡಿದು ಊದಿದರೆ ಉಸಿರು ಆಚೆ ಬದಿಗೆ ತಗುಲಬೇಕು. ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯ ನೂಲು ಏರುಪೇರಾಗಿರುವುದರಿಂದ ಅದು ಪೂರ್ತಿಯಾಗಿ ಮೈಗೆ ಅಂಟುವುದಿಲ್ಲ, ನಡುನಡುವೆ ಗಾಳಿ ಉಳಿಯುತ್ತದೆ. ತೆಳುವಾದ ಖಾದಿಗೆ ಸೆಕೆಯಲ್ಲಿ ಸಾಟಿಯಿಲ್ಲವೆಂದೇ ನಮ್ಮ ಅಭಿಪ್ರಾಯ. ದಪ್ಪ ಖಾದಿ ಮಾತ್ರ ಒಮ್ಮೆ ನೆನೆದರೆ ಸಂಜೆಯವರೆಗೂ ಒಣಗದು.

ಇಷ್ಟೆಲ್ಲ ನೋಡಿ ಕೊಂಡ ಬಟ್ಟೆಯನ್ನು ಮೈಗೆ ಬಿಗಿಯಾಗಿ ಹೊಲಿಸಿದರೆ ಎಲ್ಲವೂ ವ್ಯರ್ಥ. ಸಡಿಲವಾದ ಉಡುಪು ನಾವು ನಡೆದಾಗ, ಕೈ ಬೀಸಿದಾಗ ತಿದಿಯಂತೆ ಕೆಲಸ ಮಾಡಿ ಒಳಗಿನ ತೇವದ ಗಾಳಿಯನ್ನು ಹೊರಕ್ಕೆ ದೂಡುತ್ತದೆ. ಮರುಭೂಮಿಯ ಬೆಡುಯಿನ್ ಜನರು ಕಪ್ಪು ನಿಲುವಂಗಿಯನ್ನು ಏಕೆ ಧರಿಸುತ್ತಾರೆಂಬ ಪ್ರಶ್ನೆಯನ್ನೆತ್ತಿಕೊಂಡ ಒಂದು ಅಧ್ಯಯನ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದರೂ ನಿಲುವಂಗಿ ಸಡಿಲವಾಗಿರುವುದರಿಂದ ಆ ಹೆಚ್ಚುವರಿ ಶಾಖ ಚರ್ಮವನ್ನು ತಲುಪುವುದಿಲ್ಲ, ಬಿಳಿ ನಿಲುವಂಗಿಗೂ ಕಪ್ಪಿಗೂ ಒಳಗೆ ವ್ಯತ್ಯಾಸವಿಲ್ಲ ಎಂಬುದು ಅದರ ಫಲಿತಾಂಶ. ನಮ್ಮ ಕರಾವಳಿಯ ಹವೆ ಮರುಭೂಮಿಯದಲ್ಲ ನಿಜ, ಗಾಳಿಯ ಬೀಸೂ ಅಷ್ಟಿಲ್ಲ. ಆದರೂ ಬಣ್ಣದ ಚಿಂತೆಗಿಂತ ಸಡಿಲದ ಚಿಂತೆ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಹೆಣ್ಣುಮಕ್ಕಳ ಬಿಗಿ ಚೂಡಿದಾರ, ಲೆಗ್ಗಿಂಗ್ಸ್‌ಗಳ ಬದಲು ಹಳೆಯ ಮಾದರಿಯ ಸಡಿಲ ಸಲ್ವಾರ್. ಗಂಡುಮಕ್ಕಳಿಗೆ ಜೀನ್ಸ್ ಬದಲು ತೆಳು ಹತ್ತಿಯ ಪಾಯಿಜಾಮ ಅಥವಾ ಮೊಣಕಾಲುದ್ದದ ಚಡ್ಡಿ. ಹದಿಹರೆಯದವರು ಈ ಸಲಹೆಯನ್ನು ಮನೆಯಲ್ಲಿ ಒಪ್ಪುವುದಿಲ್ಲ. ಊರಿಗೆ ಹೋದ ಎರಡನೆಯ ದಿನ ಅವರೇ ಅಜ್ಜನ ಪಂಚೆ ಕೇಳುತ್ತಾರೆ.

ಕರಾವಳಿಯ ಜನ ಹಿಂದಿನಿಂದ ಏನನ್ನು ಉಡುತ್ತಿದ್ದರೆಂದು ನೋಡಿದರೆ ಮೇಲಿನ ವಿವರಣೆಯೆಲ್ಲ ಅಲ್ಲಿ ಆಗಲೇ ಇದೆ. ಸೊಂಟಕ್ಕೊಂದು ಬಿಳಿ ಮುಂಡು, ಹೆಗಲಿಗೊಂದು ಬೈರಾಸು. ಮುಂಡನ್ನು ಹೊಲಿದಿಲ್ಲ, ಬೇಕೆಂದಾಗ ಮಡಚಿ ಮೊಣಕಾಲಿನ ಮೇಲಕ್ಕೆ ಕಟ್ಟಬಹುದು, ಬೇಡವೆಂದಾಗ ಇಳಿಬಿಡಬಹುದು. ಕಾಲಿನ ಸುತ್ತ ಗಾಳಿ ಆಡುವುದಕ್ಕೆ ಇದಕ್ಕಿಂತ ಸರಳ ಉಪಾಯವಿಲ್ಲ. ಬೈರಾಸು ಬೆವರು ಒರೆಸಲು, ತಲೆಗೆ ಸುತ್ತಲು, ಕುಳಿತಲ್ಲಿ ಬೀಸಿಕೊಳ್ಳಲು, ಕೆರೆಯಲ್ಲಿ ಮಿಂದು ಮೈ ಒರೆಸಲು ಎಲ್ಲಕ್ಕೂ ಆಗುತ್ತದೆ. ದಪ್ಪ ಟರ್ಕಿ ಟವೆಲ್ ಅಲ್ಲಿನ ಹವೆಯಲ್ಲಿ ದಿನವಿಡೀ ಒಣಗದೆ ಮುಗ್ಗುಲು ವಾಸನೆ ಹೊಡೆಯುವಾಗ ತೆಳುವಾದ ಬೈರಾಸು ಒಂದು ಗಂಟೆಯಲ್ಲಿ ಒಣಗಿರುತ್ತದೆ. ಪೆಟ್ಟಿಗೆಯ ಕಾಲುಭಾಗ ತುಂಬುವ ಟವೆಲ್ಲುಗಳನ್ನು ಮನೆಯಲ್ಲೇ ಬಿಟ್ಟು, ಊರಿನ ಪೇಟೆಯಲ್ಲಿ ತಲೆಗೊಂದು ಬೈರಾಸು ಕೊಳ್ಳುವುದು ಜಾಣತನ. ಗದ್ದೆ, ತೋಟದ ಕೆಲಸಗಾರರು ಅಡಿಕೆ ಹಾಳೆಯಿಂದ ಮಾಡಿದ ಮುಟ್ಟಾಳೆ ಧರಿಸುತ್ತಿದ್ದರು. ಹಗುರ, ಬಿಸಿಲು ದಾಟದು, ಮಳೆ ಹನಿ ಇಳಿಯದು. ಇಂದು ಅದು ಸಭೆಗಳಲ್ಲಿ ಗಣ್ಯರ ತಲೆಗೆ ಇಡುವ ಗೌರವದ ವಸ್ತುವಾಗಿದೆ. ಬಿಸಿಲಿನಲ್ಲಿ ನಡೆಯುವ ನಮ್ಮ ಮಕ್ಕಳ ತಲೆಯ ಮೇಲೆ ಮಾತ್ರ ಪ್ಲಾಸ್ಟಿಕ್ ಲೇಪದ ಕ್ರಿಕೆಟ್ ಟೋಪಿ.

ಮಹಿಳೆಯರ ಪಾಲಿಗೆ ಆ ಪ್ರದೇಶದ್ದೇ ಆದ ಉಡುಗೆಯೆಂದರೆ ಉಡುಪಿ ಸೀರೆ. ಬಾಸೆಲ್ ಮಿಷನ್‌ನವರು 19ನೆಯ ಶತಮಾನದ ಮಧ್ಯಭಾಗದಲ್ಲಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ ತೆರೆದ ಮೇಲೆ ಈ ಭಾಗದ ಕೈಮಗ್ಗಕ್ಕೆ ಹೊಸ ಚಾಲನೆ ದೊರೆಯಿತು. ನಯವಾದ ಹತ್ತಿ ನೂಲು, ಸರಳವಾದ ಮೈ, ಕಿರಿದಾದ ಅಂಚು, ಆಡಂಬರವಿಲ್ಲದ ಸೆರಗು. ದಿನವೂ ಉಟ್ಟು, ದಿನವೂ ಒಗೆಯಲು ಯೋಗ್ಯ. ಮಿಲ್ಲಿನ ಪಾಲಿಯೆಸ್ಟರ್ ಸೀರೆಗಳ ಎದುರು ಮಗ್ಗಗಳು ಒಂದೊಂದಾಗಿ ನಿಂತು ನೇಕಾರರ ಸಂಖ್ಯೆ ಬೆರಳೆಣಿಕೆಗೆ ಇಳಿದಿತ್ತು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ನೇಯ್ಗೆ ಮತ್ತೆ ಚೇತರಿಸಿಕೊಂಡಿದೆ. ಊರಿಗೆ ಹೋದವರು ಉಡುಗೊರೆಯೆಂದು ಒಂದೆರಡು ಕೊಂಡು ತರುವುದುಂಟು. ತರುವುದಕ್ಕಿಂತ ಮೊದಲು, ಹೋದ ದಿನವೇ ಕೊಂಡು ಅಲ್ಲಿಯೇ ಉಟ್ಟರೆ ಅದು ಯಾವ ಹವೆಗಾಗಿ ಹುಟ್ಟಿದ ಬಟ್ಟೆಯೆಂದು ಮೈಗೆ ತಿಳಿಯುತ್ತದೆ.

ಸೀರೆಯ ವಿಚಾರದಲ್ಲಿ ಒಂದು ಸಣ್ಣ ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಮೇಲೆ ಎಷ್ಟೇ ಒಳ್ಳೆಯ ಹತ್ತಿ ಸೀರೆಯಿದ್ದರೂ ಒಳಲಂಗ ಸ್ಯಾಟಿನ್ ಅಥವಾ ಪಾಲಿಯೆಸ್ಟರಿನದಾದರೆ ಮೈಗೆ ತಾಗುವುದು ಪಾಲಿಯೆಸ್ಟರೇ. ರವಿಕೆಯ ಒಳ ಅಸ್ತರಿಗೂ ಇದೇ ಮಾತು. ದರ್ಜಿಗಳು ಕೇಳದೆಯೇ ಹೊಳೆಯುವ ಅಸ್ತರು ಹಾಕಿಬಿಡುತ್ತಾರೆ. ಲಂಗದ ಲಾಡಿಯನ್ನು ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಬೆವರಿನಲ್ಲಿ ಅಲ್ಲಿ ಉಜ್ಜಿ ಹುಣ್ಣಾಗುತ್ತದೆ. ಅಗಲವಾದ ಪಟ್ಟಿ ಹೊಲಿಸುವುದು ಒಳ್ಳೆಯದು. ಗಂಡಸರು ಬನಿಯನ್ ಧರಿಸಬೇಕೆ ಬೇಡವೆ ಎಂಬ ಚರ್ಚೆ ನಮ್ಮಲ್ಲಿ ಎಂದಿಗೂ ಮುಗಿಯುವುದಿಲ್ಲ. ತೆಳುವಾದ, ತೋಳಿಲ್ಲದ ಹತ್ತಿ ಬನಿಯನ್ ಹೊರ ಅಂಗಿಯನ್ನು ಬೆನ್ನಿಗೆ ಅಂಟದಂತೆ ಕಾಯುತ್ತದೆ, ಆದರೆ ನೆನೆದ ಬನಿಯನ್ನನ್ನು ಬದಲಿಸದೆ ದಿನವಿಡೀ ತೊಟ್ಟರೆ ಅದೇ ಬೆವರುಸಾಲೆಗೆ ಮೂಲ. ದಿನಕ್ಕೆ ಎರಡು ಬಾರಿ ಬದಲಿಸುವವರು ಧರಿಸಲಿ, ಉಳಿದವರು ಬಿಡಲಿ. ತೊಡೆಸಂದು, ಕಂಕುಳು, ಸೊಂಟದ ಮಡಿಕೆಗಳಲ್ಲಿ ತೇವ ನಿಂತರೆ ಹುಳುಕಡ್ಡಿಯಂಥ ಶಿಲೀಂಧ್ರ ಸೋಂಕು ಸುಲಭವಾಗಿ ಹಬ್ಬುತ್ತದೆ. ಮಧುಮೇಹವುಳ್ಳವರಿಗೆ ಇದು ಬೇಗ ವಾಸಿಯಾಗದು.

ಮೇ ತಿಂಗಳು ಮದುವೆ, ಉಪನಯನ, ಗೃಹಪ್ರವೇಶಗಳ ಕಾಲ. ಊರಿನ ಪ್ರಯಾಣದ ನಿಜವಾದ ಕಾರಣ ಹಲವು ಸಲ ಅದೇ ಆಗಿರುತ್ತದೆ. ಇಲ್ಲಿ ಬಟ್ಟೆಯ ಪ್ರಶ್ನೆ ಬರಿಯ ಆರೋಗ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ದಿಲ್ಲಿಯಿಂದ ಬಂದವರು’, ‘ಬೊಂಬಾಯಿಯವರು’ ಎಂಬ ಹೆಸರಿಗೆ ತಕ್ಕಂತೆ ಕಾಣಬೇಕೆಂಬ ಒತ್ತಡ ನಮ್ಮೆಲ್ಲರ ಮೇಲೂ ಇದೆ. ಸಾದಾ ಹತ್ತಿ ಸೀರೆಯುಟ್ಟು ಹೋದರೆ ಬಂಧುಗಳು ಏನೆಂದುಕೊಂಡಾರೆಂಬ ಅಂಜಿಕೆ ಸುಳ್ಳಲ್ಲ. ರೇಷ್ಮೆ ತಾನಾಗಿ ತೇವ ಹೀರುವ ಒಳ್ಳೆಯ ನೂಲೇ. ಬಿಗಿ ನೇಯ್ಗೆ, ಜರಿಯ ಭಾರ, ಒಗೆಯಲಾಗದ ತೊಂದರೆ ಸೇರಿ ಮದುವೆಯ ರೇಷ್ಮೆ ಸೀರೆ ಕಿಕ್ಕಿರಿದ ಸಭಾಭವನದಲ್ಲಿ ಹಿಂಸೆಯಾಗುತ್ತದೆ. ಮುಹೂರ್ತದ ಹೊತ್ತಿಗೆ ರೇಷ್ಮೆಯುಟ್ಟು, ಆರತಿ ಅಕ್ಷತೆ ಮುಗಿದ ಕೂಡಲೇ ಊಟಕ್ಕೆ ಮೊದಲು ಮೃದುವಾದ ಹತ್ತಿ ಅಥವಾ ಕೋಟಾ ಸೀರೆಗೆ ಬದಲಿಸುವ ರೂಢಿಯನ್ನು ಊರಿನ ಅನೇಕ ಹೆಂಗಸರು ಯಾವ ಸಂಕೋಚವೂ ಇಲ್ಲದೆ ಪಾಲಿಸುತ್ತಾರೆ. ಜೊತೆಗೊಂದು ಕೈಚೀಲ ಒಯ್ದರಾಯಿತು. ಐದು ವರ್ಷದ ಹುಡುಗನಿಗೆ ಸಿಂಥೆಟಿಕ್ ಶೇರ್ವಾನಿ, ಹುಡುಗಿಗೆ ಬಲೆಬಟ್ಟೆಯ ಉಬ್ಬಿದ ಫ್ರಾಕು ತೊಡಿಸಿ ಮಧ್ಯಾಹ್ನದವರೆಗೆ ಕೂರಿಸುವುದನ್ನು ಮಾತ್ರ ನಾವು ಒಪ್ಪಲಾರೆವು. ಸಣ್ಣ ಪಂಚೆ ಶಲ್ಯ, ಹತ್ತಿಯ ಲಂಗ ದಾವಣಿ ಫೋಟೋದಲ್ಲಿ ಇನ್ನೂ ಚೆನ್ನಾಗಿಯೇ ಬರುತ್ತವೆ.

ಹಿರಿಯರ ಮತ್ತು ಶಿಶುಗಳ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ವಯಸ್ಸಾದಂತೆ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕಡಿಮೆಯಾಗುತ್ತವೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರ ದೇಹದಲ್ಲಿ ನೀರಿನ ಅಂಶ ಬೇಗ ಇಳಿಯುತ್ತದೆ. ಅಂಥವರು “ನನಗೆ ಸೆಕೆಯೇ ಆಗುತ್ತಿಲ್ಲ” ಎಂದು ಹೇಳಿದರೆ ಸಮಾಧಾನಪಡುವ ಬದಲು ಹಣೆ ಮುಟ್ಟಿ ನೋಡಬೇಕು. ಅಭ್ಯಾಸಬಲದಿಂದ ಶಾಲು, ಸ್ವೆಟರು, ಕಾಲುಚೀಲ ಧರಿಸುವ ಹಿರಿಯರನ್ನು ರೈಲಿನ ಹವಾನಿಯಂತ್ರಿತ ಡಬ್ಬಿಯಿಂದ ಇಳಿಯುವ ಮೊದಲೇ ಹಗುರ ಉಡುಪಿಗೆ ಬದಲಿಸುವಂತೆ ಒಪ್ಪಿಸಬೇಕು. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಯಿಂದ ಬರುವವರು ಗೋವಾ ದಾಟಿದ ಮೇಲೆ ಈ ಕೆಲಸ ಮುಗಿಸಿಕೊಂಡರೆ ಅನುಕೂಲ. ಶಿಶುಗಳಿಗೆ ಬಟ್ಟೆ ಸುತ್ತಿ ಬಿಗಿಯುವುದು, ದಿನವಿಡೀ ಪ್ಲಾಸ್ಟಿಕ್ ಹೊದಿಕೆಯ ಡಯಪರಿನಲ್ಲಿಡುವುದು ಬೇಡ. ಹಳೆಯ ಪಂಚೆಯ ಮೆತ್ತನೆಯ ತುಂಡಿಗಿಂತ ಉತ್ತಮವಾದದ್ದು ಇನ್ನೂ ಬಂದಿಲ್ಲ. ಬೆವರುಸಾಲೆಯ ಮೇಲೆ ಪೌಡರನ್ನು ದಪ್ಪವಾಗಿ ಬಳಿದರೆ ಅದು ಬೆವರಿನಲ್ಲಿ ಕಲಸಿ ರಂಧ್ರಗಳನ್ನು ಇನ್ನಷ್ಟು ಮುಚ್ಚುತ್ತದೆ. ತಣ್ಣೀರಿನಲ್ಲಿ ಮೀಯಿಸಿ, ಒರೆಸಿ, ಬರಿಮೈಯಲ್ಲಿ ಗಾಳಿಗೆ ಬಿಡುವುದೇ ಮದ್ದು.

ಯಾರಾದರೂ ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಎಂದರೆ ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರು ಅಥವಾ ಎಳನೀರು ಕುಡಿಸಬೇಕು. ಮೈ ಕಾದು ಜ್ವರ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಮಾತು ತೊದಲಿ, ಬುದ್ಧಿ ಮಂಕಾದಂತೆ ಕಂಡರೆ ಅದು ಶಾಖಾಘಾತ. ಪ್ರಜ್ಞೆ ಸರಿಯಿಲ್ಲದವರಿಗೆ ಏನನ್ನೂ ಕುಡಿಸದೆ, ಹೆಚ್ಚಿನ ಬಟ್ಟೆ ತೆಗೆದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ, ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ನೆಂಟರ ಎದುರಿಗೆ ಸೀರೆ ಸಡಿಲಿಸುವುದೆಂತು ಎಂಬ ಸಂಕೋಚಕ್ಕೆ ಅದು ಸಮಯವಲ್ಲ.

ಸಮುದ್ರತೀರದಲ್ಲಿ ಲೆಕ್ಕ ತುಸು ಬದಲಾಗುತ್ತದೆ. ಮಲ್ಪೆ, ಮುರ್ಡೇಶ್ವರ, ಗೋಕರ್ಣಗಳ ಮರಳಿನಲ್ಲಿ ಗಾಳಿಯಿರುವುದರಿಂದ ಸೆಕೆ ತಿಳಿಯದು. ಬಿಸಿಲು ಮಾತ್ರ ನೇರವಾಗಿಯೂ ಮರಳು, ನೀರುಗಳಿಂದ ಪ್ರತಿಫಲಿಸಿಯೂ ಮೈಗೆ ತಾಗುತ್ತದೆ. ಮೇಲೆ ನಾವು ಹೊಗಳಿದ ತೆಳು ಬಿಳಿ ಹತ್ತಿ ಬಟ್ಟೆ ಇಲ್ಲಿ ಅಷ್ಟು ಕಾಯುವುದಿಲ್ಲ, ಅದರ ಕಿಂಡಿಗಳ ಮೂಲಕ ನೇರಳಾತೀತ ಕಿರಣ ಒಳಬರುತ್ತದೆ, ನೆನೆದರೆ ಇನ್ನೂ ಹೆಚ್ಚು. ಕಡಲತೀರಕ್ಕೆ ತುಸು ಒತ್ತಾದ ನೇಯ್ಗೆಯ, ಗಾಢ ಬಣ್ಣದ, ಪೂರ್ಣ ತೋಳಿನ ಸಡಿಲ ಅಂಗಿಯೇ ಸರಿ. ಬೆಳಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ನಾಲ್ಕರ ನಂತರ ಹೋಗುವವರಿಗೆ ಈ ಚಿಂತೆ ಬೇಕಿಲ್ಲ. ಸೀರೆ, ದುಪಟ್ಟಾ, ಲುಂಗಿಗಳಲ್ಲಿ ನೀರಿಗಿಳಿಯುವುದು ಮಾತ್ರ ಅಪಾಯ. ಅಲೆ ಎಳೆದಾಗ ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಂಡು ಏಳಲು ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಅದು ಮೀನಿನ ಸಂತಾನದ ಕಾಲವೂ ಹೌದು, ಕಡಲು ಒರಟಾಗುವ ಕಾಲವೂ ಹೌದು. ಆ ದಿನಗಳಲ್ಲಿ ನೀರನ್ನು ದೂರದಿಂದ ನೋಡಿದರೆ ಸಾಕು.

ದೆಹಲಿಯ ಶಾಲೆಗಳ ರಜೆ ಜೂನ್ ಕೊನೆಯವರೆಗೂ ಇರುವುದರಿಂದ ಅಲ್ಲಿಂದ ಬಂದವರು ಒಂದೇ ಪ್ರಯಾಣದಲ್ಲಿ ಎರಡು ಋತುಗಳನ್ನು ಕಾಣುತ್ತಾರೆ. ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು ಕರಾವಳಿಗೆ ಕಾಲಿಟ್ಟ ಮೇಲೆ ಸೆಕೆ ಇಳಿಯುತ್ತದೆ, ಬಟ್ಟೆ ಒಣಗುವುದು ನಿಲ್ಲುತ್ತದೆ. ಈಗ ಶುದ್ಧ ಹತ್ತಿಯೇ ತೊಂದರೆ. ಎರಡು ದಿನವಾದರೂ ಒಣಗದ ಪಂಚೆ, ಲಂಗಗಳು ಅಡುಗೆಮನೆಯ ಒಲೆಯ ಬಿಸಿಯಲ್ಲಿ ತೂಗಾಡುತ್ತವೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರಕೆಯ ಎರಡು ಜೊತೆ ಇಲ್ಲಿ ನೆರವಿಗೆ ಬರುತ್ತವೆ. ಚರ್ಮದ ಚಪ್ಪಲಿ ಬೂಷ್ಟು ಹಿಡಿಯುತ್ತದೆ. ಕೆಂಪುಕಲ್ಲಿನ ಅಂಗಳದಲ್ಲಿ ಪಾಚಿ ಕಟ್ಟುವುದರಿಂದ ಅಡಿಯಲ್ಲಿ ಆಳವಾದ ಗೆರೆಗಳಿರುವ ರಬ್ಬರ್ ಚಪ್ಪಲಿ ಬೇಕು. ಹಿರಿಯರು ಸವೆದ ಹವಾಯಿ ಚಪ್ಪಲಿಯಲ್ಲಿ ಬಚ್ಚಲಿಗೆ ಹೋಗುವುದನ್ನು ತಪ್ಪಿಸಬೇಕು.

ದೇವಸ್ಥಾನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಧರ್ಮಸ್ಥಳ ಸೇರಿದಂತೆ ಈ ಭಾಗದ ಹಲವು ಕ್ಷೇತ್ರಗಳಲ್ಲಿ ಗಂಡಸರು ಅಂಗಿ ಬನಿಯನ್ ತೆಗೆದು ಒಳಹೋಗುವ ಪದ್ಧತಿಯಿದೆ. ಗುಂಡಿ ಬಿಚ್ಚಿ ತೆಗೆಯುವ ಅಂಗಿಯಾದರೆ ಸರದಿಯಲ್ಲಿ ಅನುಕೂಲ, ಪಂಚೆಯಿದ್ದರೆ ಎಲ್ಲಿಯೂ ತಕರಾರಿಲ್ಲ. ಚಡ್ಡಿ ತೊಟ್ಟ ಹುಡುಗರಿಗಾಗಿ ಚೀಲದಲ್ಲಿ ಒಂದು ಪಂಚೆ ಇರಲಿ.

ಇನ್ನು ಎಷ್ಟು ಜೊತೆ ಎಂಬ ಪ್ರಶ್ನೆ. ದಿನಕ್ಕೆ ಎರಡು ಬಾರಿ ಸ್ನಾನ, ಎರಡು ಬಾರಿ ಉಡುಪು ಬದಲಾವಣೆ ಎಂದು ಲೆಕ್ಕ ಹಾಕಿ ಇಪ್ಪತ್ತು ಜೊತೆ ತುಂಬುವವರಿದ್ದಾರೆ. ಮೇ ತಿಂಗಳಿನಲ್ಲಿ ತೆಳು ಬಟ್ಟೆ ರಾತ್ರಿ ಹಿಂಡಿ ಹಾಕಿದರೆ ಬೆಳಗಿನ ಬಿಸಿಲಿಗೆ ಒಣಗುತ್ತದೆ. ಒಬ್ಬರಿಗೆ ಐದಾರು ಜೊತೆ ಧಾರಾಳ. ಬೆವರಿದ ಬಟ್ಟೆಯನ್ನು ಮುದ್ದೆ ಮಾಡಿ ಚೀಲದಲ್ಲಿಡದೆ ಆ ಸಂಜೆಯೇ ಬರಿಯ ನೀರಿನಲ್ಲಾದರೂ ಜಾಲಿಸಿ ಹಿಂಡಬೇಕು, ಇಲ್ಲವಾದರೆ ಕರಿಚುಕ್ಕೆ ಬಿದ್ದು ಬಟ್ಟೆಯೇ ಹಾಳು. ಊರಿಗೆಂದು ಹೊಸ ಬಟ್ಟೆ ಕೊಂಡವರು ಹೊರಡುವ ಮೊದಲು ಮನೆಯಲ್ಲೇ ಎರಡು ಬಾರಿ ಒಗೆದು ಒಯ್ಯುವುದು ಅವಶ್ಯ. ಅಂಗಡಿಯ ಹೊಸ ಹತ್ತಿ ಬಟ್ಟೆಯಲ್ಲಿ ಮೆರುಗಿಗೆಂದು ಹಾಕಿದ ಗಂಜಿಯಿರುತ್ತದೆ. ಅದು ನೂಲಿನ ಸಂದಿಗಳನ್ನು ಮುಚ್ಚಿ ಗಾಳಿಯನ್ನೂ ತಡೆಯುತ್ತದೆ, ಬೆವರನ್ನೂ ಹೀರಗೊಡದು. ಕರಾವಳಿಯ ತೇವದಲ್ಲಿ ಮೆತ್ತಗಾಗಿ ಕುತ್ತಿಗೆಗೆ ಅಂಟಿಕೊಳ್ಳುತ್ತದೆ. ಎರಡು ಒಗೆತಗಳ ನಂತರ ಗಂಜಿ ಹೋಗಿ, ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವುದು ಬಿಟ್ಟು, ಬಟ್ಟೆ ಉಡಲು ಹದವಾಗಿರುತ್ತದೆ.